429 ಕೋಟಿಯ ಒಳಗೆ ಅಡಗಿದ್ದ 641

4294967297. ಅಂದರೆ 429 ಕೋಟಿ 49 ಲಕ್ಷ 67 ಸಾವಿರದ 297. ಮೂವತ್ತೆರಡು 2ಗಳನ್ನು ಗುಣಿಸಿ, ಬಂದದ್ದಕ್ಕೆ 1 ಕೂಡಿಸಿದರೆ ಇದು ಸಿಗುತ್ತದೆ. ಸಂಖ್ಯೆಗಳ ಚರಿತ್ರೆಯಲ್ಲಿ ನನಗೆ ತುಂಬಾ ಇಷ್ಟವಾದ ಕಥೆ ಇದರದ್ದು.

1640ರಲ್ಲಿ ಫ್ರಾನ್ಸಿನ ಗಣಿತಜ್ಞ ಪಿಯರ್ ದ ಫರ್ಮಾ ಒಂದು ಸಾಲನ್ನು ಗಮನಿಸಿದರು: 3, 5, 17, 257, 65537. ಪ್ರತಿಯೊಂದರಿಂದ 1 ಕಳೆದು, ಉಳಿದದ್ದನ್ನು ಅದರಿಂದಲೇ ಗುಣಿಸಿ, ಮತ್ತೆ 1 ಕೂಡಿಸಿದರೆ ಮುಂದಿನದು ಬರುತ್ತದೆ. ಐದೂ ಅವಿಭಾಜ್ಯ ಸಂಖ್ಯೆಗಳೇ. ಹಾಗಾದರೆ ಮುಂದಿನವೂ ಅವಿಭಾಜ್ಯವೇ ಇರಬೇಕು ಎಂದು ಅವರು ನಂಬಿದರು. ಆರನೆಯದೇ ನಮ್ಮ ಸಂಖ್ಯೆ.

1729ರ ಕೊನೆಗೆ ಗೋಲ್ಡ್‌ಬಾಖ್ ಎಂಬ ಗಣಿತಜ್ಞರು ಈ ವಿಷಯವನ್ನು ಇನ್ನೊಬ್ಬ ಗಣಿತಜ್ಞ ಲಿಯೊನಾರ್ಡ್ ಆಯ್ಲರ್‌ಗೆ ಪತ್ರದಲ್ಲಿ ಕೇಳಿದರು. 1732ರಲ್ಲಿ, ಇಪ್ಪತ್ತೈದರ ಹರೆಯದಲ್ಲಿ, ಆಯ್ಲರ್ ಉತ್ತರ ಕೊಟ್ಟರು: 641 × 6700417.

2, 3, 5, 7 ಅಂತ ಒಂದೊಂದೇ ಅವಿಭಾಜ್ಯದಿಂದ ಭಾಗಿಸುತ್ತಾ ಹೋದರೆ 641 ಸಿಗುವುದು 116ನೇ ಪ್ರಯತ್ನದಲ್ಲಿ. ಆದರೆ ಅಷ್ಟು ಕಷ್ಟಪಡುವ ಅಗತ್ಯವೇ ಇಲ್ಲ. ನಮ್ಮ ಸಂಖ್ಯೆಯನ್ನು ಭಾಗಿಸಬಲ್ಲ ಒಂದು ಅವಿಭಾಜ್ಯ ಇದೆ ಅಂದುಕೊಳ್ಳಿ. 2, 4, 8, 16 ಎಂದು ಇಮ್ಮಡಿ ಮಾಡುತ್ತಾ, ಅದರಿಂದ ಭಾಗಿಸಿದಾಗ ಬರುವ ಶೇಷಗಳನ್ನು ಬರೆಯುತ್ತಾ ಹೋದರೆ, ಅವು ಸರಿಯಾಗಿ 64 ಹೆಜ್ಜೆಗೊಮ್ಮೆ ಮರುಕಳಿಸುತ್ತವೆ. ಆ ಅವಿಭಾಜ್ಯದಿಂದ 1 ಕಳೆದಷ್ಟು ಹೆಜ್ಜೆ ಇಟ್ಟರೂ ಶೇಷಗಳು ಮರುಕಳಿಸಲೇಬೇಕು ಎಂಬ ನಿಯಮವೊಂದಿದೆ. ಹಾಗಿದ್ದರೆ ಆ ಅವಿಭಾಜ್ಯದಿಂದ 1 ಕಳೆದಾಗ ಉಳಿಯುವುದು 64ರ ಮಗ್ಗಿಯಲ್ಲಿ ಇರಲೇಬೇಕು. ಅಂಥ ಅವಿಭಾಜ್ಯಗಳು ಯಾವುವು? 193, 257, 449, 577, 641. ಐದನೆಯದಕ್ಕೇ ಬಾಗಿಲು ತೆರೆಯಿತು! ಈ ಸೋಸುವಿಕೆಗೆ ಬೇಕಾದ ನಿಯಮವನ್ನು ಅದೇ 1640ರಲ್ಲಿ ಕಂಡುಕೊಂಡಿದ್ದವರು ಫರ್ಮಾ ಅವರೇ. ಉಪಕರಣ ಅವರ ಕೈಯಲ್ಲೇ ಇತ್ತು. ಇದನ್ನು ನೆನೆದಾಗಲೆಲ್ಲ ನನಗೆ ಬೇಸರವಾಗುತ್ತದೆ.

641 ಭಾಗಿಸುತ್ತದೆ ಎಂಬುದನ್ನು ಉದ್ದದ ಭಾಗಾಕಾರ ಮಾಡದೆಯೂ ನೋಡಬಹುದು. ಪೆನ್ನು ಹಿಡಿದು ಕೂತರೆ ಎರಡೇ ನಿಮಿಷ. 5 × 2⁷ ಅಂದರೆ 640. 641ಕ್ಕೆ 1 ಕಡಿಮೆ. ಹಾಗಾಗಿ ಶೇಷದ ಲೆಕ್ಕದಲ್ಲಿ ಅದು −1. ನಾಲ್ಕು −1ಗಳನ್ನು ಗುಣಿಸಿದರೆ 1, ಅಲ್ವಾ? ಆದ್ದರಿಂದ 5⁴ × 2²⁸ರ ಶೇಷ 1. ಇನ್ನು 5⁴ ಅಂದರೆ 625. 641ಕ್ಕೆ 16 ಕಡಿಮೆ. ಅದರ ಜಾಗದಲ್ಲಿ −16, ಅಂದರೆ −2⁴ ಹಾಕಿ. −2³² ಬಂತು, ಶೇಷ ಅದೇ 1. ಹಾಗಾದರೆ 2³²ರ ಶೇಷ −1. ಅದಕ್ಕೆ 1 ಕೂಡಿಸಿದರೆ ಶೇಷ ಸೊನ್ನೆ. 429 ಕೋಟಿಯನ್ನು ಮುಟ್ಟದೆಯೇ ಲೆಕ್ಕ ಮುಗಿಯಿತು.

ಸಾಲಿನ ಮುಂದಿನ ಸಂಖ್ಯೆಗೆ ಇಪ್ಪತ್ತು ಅಂಕಿಗಳು: 18446744073709551617. 1880ರಲ್ಲಿ ಫ್ರಾನ್ಸಿನ ಲ್ಯಾಂಡ್ರಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಅದನ್ನು ಭಾಗಿಸುವ 274177 ಅನ್ನು ಹೊರತೆಗೆದರು. ಅದರಿಂದ 1 ಕಳೆದು ನೋಡಿ, ಅದೂ 64ರ ಮಗ್ಗಿಯಲ್ಲೇ ಇದೆ. ಫರ್ಮಾ ಹೇಳಿದ ಸಾಲಿನಲ್ಲಿ ಆ ಮೊದಲ ಐದನ್ನು ಬಿಟ್ಟರೆ ಬೇರೆ ಅವಿಭಾಜ್ಯ ಈವರೆಗೆ ಒಂದೂ ಸಿಕ್ಕಿಲ್ಲ.