ಉತ್ತರ ಉಗಾಂಡ: ಕ್ಯಾಂಪಿನಿಂದ ಮನೆಗೆ, ಮನೆಯಿಂದ ಬದುವಿನ ಜಗಳಕ್ಕೆ

ಉಗಾಂಡ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಇದಿ ಅಮೀನ್ ನೆನಪಾಗುತ್ತಾನೆ. 1972ರಲ್ಲಿ ಭಾರತ ಮೂಲದವರನ್ನು ಹೊರಹಾಕಿದ್ದು ನೆನಪಾಗುತ್ತದೆ. ಈ ಟಿಪ್ಪಣಿ ಅದರದಲ್ಲ. ಅಮೀನ್ ಹೋದಮೇಲೆ ದೇಶದ ಉತ್ತರ ಭಾಗದಲ್ಲಿ, ಅಚೋಲಿ ಜನರ ನಾಡಿನಲ್ಲಿ ನಡೆದದ್ದು.

ಮೊದಲು ಒಂದು ಪದ ಸರಿಮಾಡಿಕೊಳ್ಳೋಣ. ದೇಶದ ಗಡಿ ದಾಟಿದವರು ನಿರಾಶ್ರಿತರು. ಗಡಿ ದಾಟದೆ ದೇಶದ ಒಳಗೇ ಊರು ಬಿಟ್ಟವರು ಆಂತರಿಕವಾಗಿ ಸ್ಥಳಾಂತರಗೊಂಡವರು. 1951ರ ನಿರಾಶ್ರಿತರ ಒಪ್ಪಂದ ಮೊದಲನೆಯವರಿಗೆ ಮಾತ್ರ. ಅಚೋಲಿಗಳಲ್ಲಿ ಬಹುತೇಕರು ಎರಡನೆಯ ಗುಂಪು. ಆದರೆ 'ಸ್ಥಳಾಂತರ' ಅನ್ನೋ ಪದ ನನಗೆ ಯಾಕೋ ತುಂಬಾ ಮೆತ್ತಗೆ ಅನಿಸುತ್ತದೆ. ಕಚೇರಿಯನ್ನೂ ಸ್ಥಳಾಂತರ ಮಾಡುತ್ತಾರೆ. ಇಲ್ಲಿ ಆಗಿದ್ದಕ್ಕೆ ಕನ್ನಡದಲ್ಲಿ ಸರಿಯಾದ ಮಾತಿದೆ: ಒಕ್ಕಲೆಬ್ಬಿಸಿದ್ದು.

ಹಿನ್ನೆಲೆ ಚುಟುಕಾಗಿ. 1986ರ ಜನವರಿಯಲ್ಲಿ ಯೊವೆರಿ ಮುಸೆವೆನಿಯ ಪಡೆ ರಾಜಧಾನಿ ಕಂಪಾಲ ಹಿಡಿಯಿತು. ಕೆಳಗಿಳಿದ ಅಧ್ಯಕ್ಷ ಟಿಟೊ ಒಕೆಲೊ ಅಚೋಲಿ. ಸೋತ ಸೈನಿಕರು ಉತ್ತರಕ್ಕೆ ಓಡಿ ಬಂಡೆದ್ದರು. ಮೊದಲು ಆಲಿಸ್ ಔಮಾ ಎಂಬಾಕೆ ಮೈಮೇಲೆ ದೇವರು ಬಂದಿದೆ ಎಂದು ಸೈನ್ಯ ಕಟ್ಟಿದಳು. 1987ರಲ್ಲಿ ಸೋತಳು. ಆಮೇಲೆ ಬಂದವನು ಜೋಸೆಫ್ ಕೋನಿ, ಅವನ ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ. ಮುಸೆವೆನಿ ದಕ್ಷಿಣ ಸುಡಾನಿನ ಬಂಡಾಯಗಾರರ ಬೆನ್ನಿಗಿದ್ದ. ಅದಕ್ಕೆ ಸೇಡು ಎಂಬಂತೆ ಸುಡಾನ್ ಸರ್ಕಾರ ಕೋನಿಗೆ ಬಂದೂಕು ಕೊಟ್ಟಿತು. ಕೋನಿ ಹೊಡೆದದ್ದು ಮಾತ್ರ ಹೆಚ್ಚಾಗಿ ತನ್ನದೇ ಅಚೋಲಿ ಜನರನ್ನು. ಸಾವಿರಾರು ಮಕ್ಕಳನ್ನು ಎಳೆದುಕೊಂಡು ಹೋಗಿ ಕೈಗೆ ಬಂದೂಕು ಕೊಟ್ಟ.

ಎಲ್ಲರೂ ತಪ್ಪು ಬರೆಯುವುದು ಇಲ್ಲೇ. 'ಬಂಡಾಯಗಾರರ ಭಯಕ್ಕೆ ಜನ ಕ್ಯಾಂಪು ಸೇರಿದರು' ಎಂದು ಬರೆದರೆ ಅದು ಅರ್ಧ ಸತ್ಯ. ಭಯಕ್ಕೆ ಓಡಿದವರು ಇದ್ದರು, ನಿಜ. ಆದರೆ 1996ರಲ್ಲಿ ಸರ್ಕಾರವೇ ಹಳ್ಳಿ ಖಾಲಿ ಮಾಡಿಸಿತು. 'ರಕ್ಷಿತ ಗ್ರಾಮ' ಎಂದು ಹೆಸರಿಟ್ಟಿತು. ಹಳ್ಳಿಯಲ್ಲಿ ಜನ ಇದ್ದರೆ ತಾನೇ ಬಂಡಾಯಗಾರರಿಗೆ ಅನ್ನ, ಸುದ್ದಿ, ಆಳು ಸಿಗುವುದು? ಅದನ್ನೇ ಇಲ್ಲವಾಗಿಸುವ ಲೆಕ್ಕ. 2002ರಲ್ಲಿ ಉಗಾಂಡದ ಸೈನ್ಯ ಸುಡಾನಿನ ಒಳಗೆ ನುಗ್ಗಿದಾಗ ಕೋನಿಯ ಪಡೆ ತಿರುಗಿ ಉಗಾಂಡಕ್ಕೇ ಬಂತು. ಆಗ ಉಳಿದ ಹಳ್ಳಿಗರಿಗೆ ಕೊಟ್ಟ ಗಡುವು 48 ಗಂಟೆ. ಆಮೇಲೂ ಹೊಲದಲ್ಲಿ ಕಂಡವರು ಬಂಡಾಯಗಾರರ ಲೆಕ್ಕಕ್ಕೆ. 2005ರ ಹೊತ್ತಿಗೆ ಕ್ಯಾಂಪುಗಳಲ್ಲಿ ಇದ್ದವರು ಸುಮಾರು 18 ಲಕ್ಷ.

ಪಾಬ್ಬೊ ಒಂದು ಕ್ಯಾಂಪಿನಲ್ಲೇ ಸುಮಾರು 60,000 ಜನ. ಗುಡಿಸಲಿಗೆ ಗುಡಿಸಲು ಅಂಟಿಕೊಂಡು, ಒಂದಕ್ಕೆ ಬೆಂಕಿ ಬಿದ್ದರೆ ಸಾಲಿಗೆ ಸಾಲೇ ಉರಿಯುತ್ತಿತ್ತು. ಹೊಲಕ್ಕೆ ಹೋಗುವಂತಿಲ್ಲ, ಬೇರೆಯವರು ಹಂಚುವ ಕಾಳಿಗೆ ಕಾಯಬೇಕು. 2005ರಲ್ಲಿ ಉಗಾಂಡದ ಆರೋಗ್ಯ ಇಲಾಖೆ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ಲೆಕ್ಕ ಹಾಕಿದಾಗ, ಸಾಮಾನ್ಯವಾಗಿ ಆಗುವ ಸಾವುಗಳನ್ನು ಬಿಟ್ಟು ವಾರಕ್ಕೆ ಸುಮಾರು 1,000 ಜನ ಹೆಚ್ಚುವರಿಯಾಗಿ ಸಾಯುತ್ತಿದ್ದರು. ಜಾಸ್ತಿ ಜನರನ್ನು ಕೊಂದದ್ದು ಗುಂಡಲ್ಲ. ಮಲೇರಿಯಾ, ಏಡ್ಸ್. ರಕ್ಷಣೆಗೆಂದು ಕೂಡಿಹಾಕಿದ ಜಾಗವೇ ಹೀಗೆ. ಇಷ್ಟಾದರೂ ಕ್ಯಾಂಪುಗಳ ಮೇಲೆ ದಾಳಿ ನಿಲ್ಲಲಿಲ್ಲ. ಕೋನಿ ಹುಟ್ಟಿದ ಊರು ಒಡೆಕ್. ಅಲ್ಲಿನ ಕ್ಯಾಂಪನ್ನೂ 2004ರಲ್ಲಿ ಅವನ ಪಡೆಯೇ ಸುಟ್ಟಿತು. ಸಂಜೆಯಾದರೆ ಸಾವಿರಾರು ಮಕ್ಕಳು ಅಪಹರಣದ ಭಯಕ್ಕೆ ಚಾಪೆ ಹೊತ್ತು ಗುಲು ಪೇಟೆಗೆ ನಡೆದು ಹೋಗಿ ಬಸ್ ನಿಲ್ದಾಣದಲ್ಲೋ ಅಂಗಡಿ ಜಗಲಿಯಲ್ಲೋ ಮಲಗುತ್ತಿದ್ದರು. ಬೆಳಿಗ್ಗೆ ವಾಪಸ್.

2006ರ ಆಗಸ್ಟಿನಲ್ಲಿ ದಕ್ಷಿಣ ಸುಡಾನಿನ ಜುಬಾದಲ್ಲಿ ಕದನವಿರಾಮ ಆಯಿತು. ಅಂತಿಮ ಒಪ್ಪಂದಕ್ಕೆ ಕೋನಿ 2008ರಲ್ಲಿ ಸಹಿ ಹಾಕಲೇ ಇಲ್ಲ. ಆದರೂ ಅವನ ಪಡೆ ಉಗಾಂಡ ಬಿಟ್ಟು ಕಾಂಗೊ ಕಡೆ ಹೋಗಿತ್ತು. ಜನ ನಿಧಾನಕ್ಕೆ ಊರಿಗೆ ಹೊರಟರು. 2012ರ ಹೊತ್ತಿಗೆ ಬಹುತೇಕ ಕ್ಯಾಂಪುಗಳು ಮುಚ್ಚಿದವು. ಪುಸ್ತಕಗಳು ಇಲ್ಲಿಗೆ ಮುಗಿಸುತ್ತವೆ. ನನ್ನ ಪ್ರಕಾರ ಓದಬೇಕಾದ್ದು ಇಲ್ಲಿಂದ ಮುಂದಿನದು.

ಅಚೋಲಿ ನಾಡಿನ ಭೂಮಿ ಹೆಚ್ಚಿನದು ಕುಲದ ಭೂಮಿ. 1995ರ ಸಂವಿಧಾನ ಇಂಥ ಸಾಂಪ್ರದಾಯಿಕ ಹಕ್ಕನ್ನು ಒಪ್ಪುತ್ತದೆ. ಆದರೆ ನಮ್ಮ ಪಹಣಿಯಂಥ ಕಾಗದ ಬಹುತೇಕರ ಕೈಯಲ್ಲಿ ಇಲ್ಲ. ಯಾರ ಹೊಲ ಎಲ್ಲಿಗೆ ಮುಗಿಯುತ್ತದೆ ಎನ್ನುವುದಕ್ಕೆ ಒಂದು ಮರ, ಒಂದು ಹಳ್ಳ, ಒಂದು ಹುತ್ತ ಸಾಕ್ಷಿ. ಜೊತೆಗೆ ಹಿರಿಯರ ನೆನಪು. ಹತ್ತು ವರ್ಷ ಬಿಟ್ಟು ಬಂದರೆ ಮರ ಇಲ್ಲ, ಹೊಲದ ತುಂಬಾ ಕಾಡು. ಹೇಳಬೇಕಾದ ಅಜ್ಜ ಕ್ಯಾಂಪಿನಲ್ಲೇ ತೀರಿಕೊಂಡಿದ್ದಾನೆ. ಊರು ಬಿಟ್ಟಾಗ ಮಗುವಾಗಿದ್ದವನು ಈಗ ಗಂಡಾಳು, ಅವನಿಗೆ ಹಳ್ಳವೇ ಗೊತ್ತಿಲ್ಲ. ಉಳಲು ಎತ್ತೂ ಇಲ್ಲ: ಅಚೋಲಿಗಳ ದನಗಳು 1980ರ ದಶಕದ ಕೊನೆಯಲ್ಲೇ ಲೂಟಿಯಾಗಿದ್ದವು. ಕೈಗುದ್ದಲಿ ಹಿಡಿದು ಶುರು ಮಾಡಬೇಕು. ಬದುವಿನ ಜಗಳ ಮನೆಮನೆಗೂ ಬಂತು. ಅದನ್ನು ಮೊದಲು ಕೇಳುವವನು 'ರ್ವೊಟ್ ಕ್ವೆರಿ', ಅಂದರೆ ಗುದ್ದಲಿಯ ಒಡೆಯ, ಊರಿನ ಬೇಸಾಯ ನೋಡಿಕೊಳ್ಳುವ ಹಿರಿಯ.

ಕ್ಯಾಂಪಿದ್ದ ಜಾಗವೂ ಯಾರದೋ ಹೊಲವೇ ಅಲ್ವಾ? ಅವರು ವಾಪಸ್ ಕೇಳಿದರು. ಅಲ್ಲಿ ಸಾವಿರಾರು ಗೋರಿಗಳು. ಸತ್ತವರನ್ನು ಮನೆಯ ಅಂಗಳದಲ್ಲೇ ಮಣ್ಣು ಮಾಡುವುದು ಅಚೋಲಿ ಪದ್ಧತಿ. ಹಾಗೆ ಮಾಡದಿದ್ದರೆ 'ಚೆನ್', ಅಂದರೆ ಅತೃಪ್ತ ಆತ್ಮ, ಕಾಡುತ್ತದೆ ಎಂಬ ನಂಬಿಕೆ. ಎಷ್ಟೋ ಕುಟುಂಬಗಳು ಮೂಳೆಗಳನ್ನು ಅಗೆದು ಊರಿಗೆ ಹೊತ್ತು ತಂದವು.

ನ್ಯಾಯದ ವಿಷಯ ಬಂದರೆ ಡೊಮಿನಿಕ್ ಒಂಗ್ವೆನ್ ಹೆಸರು ಬರುತ್ತದೆ. ಮಗುವಾಗಿದ್ದಾಗ ಶಾಲೆಯ ದಾರಿಯಲ್ಲಿ ಅಪಹರಣವಾದವನು, ಬೆಳೆದು ಕೋನಿಯ ಕಮಾಂಡರ್ ಆದ. ಒಡೆಕ್, ಲುಕೋಡಿ, ಪಜುಲೆ, ಅಬೊಕ್ ಕ್ಯಾಂಪುಗಳ ದಾಳಿಗಾಗಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2021ರಲ್ಲಿ ಅವನಿಗೆ 25 ವರ್ಷ ಶಿಕ್ಷೆ ಕೊಟ್ಟಿತು. 2024ರಲ್ಲಿ ಒಬ್ಬೊಬ್ಬ ಸಂತ್ರಸ್ತರಿಗೆ 750 ಯೂರೊ ಸಾಂಕೇತಿಕ ಪರಿಹಾರಕ್ಕೆ ಆದೇಶವಾಯಿತು. ಅಚೋಲಿಗಳದ್ದೇ 'ಮಾಟೊ ಒಪುಟ್' ಎಂಬ ರಾಜಿ ಪದ್ಧತಿಯೂ ಇದೆ. ಎರಡೂ ಕಡೆಯವರು ಕಹಿ ಬೇರಿನ ರಸ ಒಟ್ಟಿಗೆ ಕುಡಿಯುತ್ತಾರೆ. ಆದರೆ ಅದರಲ್ಲಿ ಕೊಂದವನ ಕುಲ ತಪ್ಪೊಪ್ಪಿಕೊಂಡು ಪರಿಹಾರ ಕೊಡಬೇಕು. ಕೊಂದವರು ಯಾರೆಂದೇ ಗೊತ್ತಿಲ್ಲದ ಯುದ್ಧಕ್ಕೆ ಅದು ಸುಲಭಕ್ಕೆ ಹೊಂದುವುದಿಲ್ಲ.

ಕಾಡಿನಲ್ಲಿ, ಕೋನಿಯ ಪಡೆ ಅಪಹರಿಸಿದ ಹುಡುಗಿಯರಿಗೆ ಹುಟ್ಟಿದ ಮಕ್ಕಳ ಕಥೆ ಇನ್ನೊಂದು. ಭೂಮಿ ಬರುವುದು ತಂದೆಯ ಕುಲದಿಂದ. ತಂದೆಯ ನಿಜವಾದ ಹೆಸರೇ ಎಷ್ಟೋ ತಾಯಂದಿರಿಗೆ ಗೊತ್ತಿಲ್ಲ. ಮಗು ತಾಯಿಯ ಜೊತೆ ಸೋದರಮಾವನ ಮನೆಯಲ್ಲಿ ಬೆಳೆಯುತ್ತದೆ. ಹುಡುಗ ದೊಡ್ಡವನಾಗಿ ಮದುವೆ ವಯಸ್ಸಿಗೆ ಬಂದಾಗ, ಅವನು ಎಲ್ಲಿ ಗುಡಿಸಲು ಕಟ್ಟಬೇಕು ಎಂಬ ಮಾತು ಬರುತ್ತದೆ. ಮಾವನಿಗೂ ಗಂಡುಮಕ್ಕಳಿರುತ್ತಾರೆ.