30×40 ಸೈಟಿನ ಮೇಲೊಂದು ಬೀಮ್

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಕಿವಿಗೆ ಬೀಳುವ ಅಳತೆ 30×40. ಅಡಿಯನ್ನು ಮೀಟರಿಗೆ ತಂದರೆ ಅಗಲ 9.1, ಉದ್ದ 12.2. ಮನೆ ಕಟ್ಟುವಾಗ ಇಂಚಿಂಚೂ ಲೆಕ್ಕ ಹಾಕುವ ನಾವು, ಹವ್ಯಾಸಕ್ಕಾಗಿ ದೂರದವರೊಡನೆ ಮಾತಾಡುವ ಹ್ಯಾಮ್ ರೇಡಿಯೊಗೆ ಬೀಮ್, ಅಂದರೆ ಒಂದು ದಿಕ್ಕಿಗೆ ಹೆಚ್ಚು ಬಲವಾಗಿ ಅಲೆ ಕಳಿಸುವ ಆಂಟೆನಾ, ಆರಿಸುವ ಹೊತ್ತಿಗೆ ಈ ಅಳತೆಯನ್ನೇ ಮರೆಯುತ್ತೇವೆ. ನಾನಂತೂ ಮರೆತಿದ್ದೆ. ಯಾವ ಆಂಟೆನಾ ದನಿಯನ್ನು ಎಷ್ಟು ಬಲಪಡಿಸುತ್ತದೆಂದು ಹೇಳುವ ಡೆಸಿಬೆಲ್ಲುಗಳ ಪಟ್ಟಿ ಮುಂದಿಟ್ಟುಕೊಂಡು ವಾರಗಟ್ಟಲೆ ತಲೆ ಕೆಡಿಸಿಕೊಂಡ ಮೇಲೆ, ಒಂದು ಭಾನುವಾರ ಟೇಪು ಹಿಡಿದು ತಾರಸಿ ಹತ್ತಿದೆ. ಅರ್ಧ ಪಟ್ಟಿ ಅಲ್ಲಿಯೇ ಖಾಲಿಯಾಯಿತು.

ದೂರದೇಶದವರ ಜೊತೆ ಹ್ಯಾಮ್‌ಗಳು ಹೆಚ್ಚಾಗಿ ಮಾತಾಡುವುದು 20, 15, 10 ಮೀಟರ್ ಬ್ಯಾಂಡುಗಳಲ್ಲಿ, ಅಂದರೆ ಸುಮಾರು ಅಷ್ಟುದ್ದದ ಅಲೆಗಳಲ್ಲಿ. 20 ಮೀಟರ್ ಬ್ಯಾಂಡಿನ 14.2 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 21 ಮೀಟರ್. ಆಂಟೆನಾದ ಕಡ್ಡಿ ಅದರ ಅರ್ಧ, ಅಂದರೆ 10 ಮೀಟರ್ ಚಿಲ್ಲರೆ. ಅಗಲಕ್ಕೆ ಇಟ್ಟರೆ ಎರಡೂ ಬದಿಯ ಕಾಂಪೌಂಡು ದಾಟುತ್ತದೆ.

ದೂರದರ್ಶನದ ಕಾಲದಲ್ಲಿ ಮನೆಮನೆಯ ಮೇಲಿದ್ದ, ಮೀನಿನ ಮುಳ್ಳಿನಂಥ ಆಂಟೆನಾ ನೆನಪಿದೆಯೆ? ಅಪ್ಪ ಮೇಲೆ ಹತ್ತಿ ತಿರುಗಿಸುವುದು, ನಾವು ಕೆಳಗಿಂದ "ಬಂತು... ಹೋಯ್ತು... ಇನ್ನೊಂಚೂರು ಎಡಕ್ಕೆ" ಎಂದು ಕೂಗುವುದು. ಅದೇ ಯಾಗಿ. 1926ರಲ್ಲಿ ಜಪಾನಿನ ಸೆಂದೈ ನಗರದ ವಿಶ್ವವಿದ್ಯಾಲಯದಿಂದ ಹೊರಬಂದ ವಿನ್ಯಾಸ. ಪ್ರಯೋಗಗಳ ಬಹುಪಾಲು ದುಡಿಮೆ ಶಿಂತಾರೊ ಉದಾ ಅವರದು. ಜನರ ಬಾಯಲ್ಲಿ ಉಳಿದದ್ದು ಹಿರಿಯ ಪ್ರಾಧ್ಯಾಪಕ ಹಿದೆತ್ಸುಗು ಯಾಗಿ ಅವರ ಹೆಸರು. ಇದರಲ್ಲಿ ಕೇಬಲ್ ಸೇರುವುದು ಒಂದೇ ಕಡ್ಡಿಗೆ. ಅದರ ಹಿಂದೆ ನಿಂತ ಉದ್ದನೆಯ ಕಡ್ಡಿ, ತನಗೆ ಬಡಿದ ಅಲೆಯನ್ನು ತುಸು ತಡಮಾಡಿ ಮತ್ತೆ ಹೊರಗೆ ಬಿಡುತ್ತದೆ. ಈ ತಡದಿಂದಾಗಿ ಎರಡು ಅಲೆಗಳು ಹಿಂದಕ್ಕೆ ಒಂದನ್ನೊಂದು ಅಳಿಸಿ, ಮುಂದಕ್ಕೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ.

ಒಂದೇ ಯಾಗಿ ಮೂರು ಬ್ಯಾಂಡಿಗೆ ದುಡಿಯಬೇಕೆಂದರೆ ಹಳೆಯ ಉಪಾಯ ಟ್ರ್ಯಾಪ್: ಕಡ್ಡಿಯ ನಡುವೆ ಕೂರಿಸಿದ ಕಾಯಿಲ್ ಮತ್ತು ಕೆಪಾಸಿಟರ್ ಜೋಡಿ. 10 ಮೀಟರ್ ಬ್ಯಾಂಡಿನ 28 ಮೆಗಾಹರ್ಟ್ಸ್ ಬಂದರೆ ಅದು ಮುಚ್ಚಿದ ಗೇಟು. ಕಡ್ಡಿ ಅಲ್ಲಿಗೇ ಮುಗಿದ ಹಾಗೆ. 14 ಬಂದರೆ ಗೇಟು ತೆರೆದು ಕರೆಂಟು ತುದಿಯವರೆಗೂ ಹರಿಯುತ್ತದೆ. ಕಾಯಿಲಿನ ದೆಸೆಯಿಂದ ಕಡ್ಡಿಯೂ ಎಂಟೂವರೆ ಮೀಟರಿನಷ್ಟಕ್ಕೆ ಇಳಿಯುತ್ತದೆ. ಜಾಣತನವೇ, ಆದರೆ ಟ್ರ್ಯಾಪಿನಲ್ಲಿ ಒಂದಿಷ್ಟು ಶಕ್ತಿ ಶಾಖವಾಗಿ ಹೋಗುತ್ತದೆ, ಮಳೆಗಾಲದಲ್ಲಿ ನೀರು ಹೊಕ್ಕರೆ ಟ್ಯೂನೂ ಕೆಡುತ್ತದೆ. ಇಷ್ಟಾಗಿಯೂ ಇದು ಒಂದು ಸುತ್ತು ತಿರುಗಲು 9 ಮೀಟರಿಗೂ ಹೆಚ್ಚು ಜಾಗ ಬೇಕು.

ಕ್ವಾಡ್ ಎಂಬ ಚೌಕಟ್ಟಿನ ಆಂಟೆನಾದ ಹುಟ್ಟು ಸ್ವಾರಸ್ಯಕರ. 1940ರ ದಶಕದ ಮೊದಲಲ್ಲಿ ಈಕ್ವೆಡಾರ್‌ನ ಕೀಟೊ ನಗರದ ಎಚ್‌ಸಿಜೆಬಿ ಬಾನುಲಿ ಕೇಂದ್ರದಲ್ಲಿ ಯಾಗಿಯ ತುದಿಗಳಿಂದ ಕಿಡಿ ಹಾರಿ ಲೋಹವೇ ಕರಗತೊಡಗಿತು. 2,800 ಮೀಟರ್ ಎತ್ತರದ ತೆಳುಗಾಳಿ, ಕಡ್ಡಿಯ ತುದಿಯಲ್ಲಿ ಭಾರೀ ವೋಲ್ಟೇಜು. ತುದಿಯೇ ಇಲ್ಲದ ಆಂಟೆನಾ ಮಾಡಿದರೆ? ಕ್ಲಾರೆನ್ಸ್ ಮೂರ್ ತಂತಿಯನ್ನು ಕುಣಿಕೆಯಾಗಿಸಿದರು. ಚೆನ್ನಾಗಿ ಕೆಲಸ ಮಾಡುತ್ತದೆ, ಸರಿ. ಆದರೆ ಪ್ರತಿ ಬದಿಗೆ 5 ಮೀಟರ್ ದಾಟುವ ಚೌಕಗಳನ್ನು ಆಷಾಢದ ಗಾಳಿಗೆ ಒಡ್ಡುವ ಧೈರ್ಯ ನನಗಿಲ್ಲ.

ಕೊನೆಗೆ ನನ್ನ ತಾರಸಿಗೆ ಒಪ್ಪಿದ್ದು ಹೆಕ್ಸ್‌ಬೀಮ್. ಗಾಳಿಗೆ ಮಗುಚಿಕೊಂಡು ಬಟ್ಟೆ ಕಿತ್ತುಹೋದ ಕೊಡೆಯಂತಿದೆ: ಆರು ಫೈಬರ್‌ಗ್ಲಾಸ್ ಕೋಲು, ಅವುಗಳ ನಡುವೆ ಮಡಚಿ ಎಳೆದ ತಂತಿ. ಅಡ್ಡಳತೆ ಆರೂವರೆ ಮೀಟರ್. ಪ್ರತಿ ಬ್ಯಾಂಡಿಗೂ ಬೇರೆ ತಂತಿ, ಟ್ರ್ಯಾಪಿನ ಗೊಡವೆಯಿಲ್ಲ. 17 ಮತ್ತು 12 ಮೀಟರ್ ಸೇರಿ ಐದು ಬ್ಯಾಂಡು ಸಿಗುತ್ತವೆ. ಒಂದೇ ಕಡ್ಡಿಯ ಸಾದಾ ಆಂಟೆನಾ ಡೈಪೋಲ್‌ಗಿಂತ ಸುಮಾರು 3.5 ಡೆಸಿಬೆಲ್ ಹೆಚ್ಚು, ಎಂದರೆ 100 ವ್ಯಾಟಿನ ದನಿ ಎದುರು ದಿಕ್ಕಿಗೆ 220 ವ್ಯಾಟಿನಂತೆ ಕೇಳುತ್ತದೆ. ಮೂರು ಕಡ್ಡಿಯ ಯಾಗಿ ಇನ್ನೂ ಒಂದೆರಡು ಡೆಸಿಬೆಲ್ ಕೊಟ್ಟೀತು. ಬರುವ ದನಿಯ ಬಲ ತೋರಿಸುವ ರೇಡಿಯೊದ ಎಸ್-ಮೀಟರಿನಲ್ಲಿ ಒಂದು ಅಂಕಕ್ಕೆ 6 ಡೆಸಿಬೆಲ್. ಆ ಒಂದೆರಡಕ್ಕಾಗಿ ನೆರೆಯವರ ಜೊತೆ ಜಗಳ ಬೇಡವೆನಿಸಿತು.

ಪಕ್ಕದ ಮನೆಯಜ್ಜಿ ಮಾತ್ರ ಕೇಳಿಯೇ ಕೇಳಿದರು: "ಬಟ್ಟೆ ಒಣಗಿಸೋಕೆ ಅಷ್ಟೆತ್ತರ ಯಾಕಪ್ಪಾ?"

ಎತ್ತರಕ್ಕೆ ಕಾರಣವಿದೆ. ನೆಲದಿಂದ 10 ಮೀಟರಿನಲ್ಲಿ ನಿಂತ ಆಂಟೆನಾ 14 ಮೆಗಾಹರ್ಟ್ಸ್‌ನಲ್ಲಿ ಮುಖ್ಯವಾಗಿ 30 ಡಿಗ್ರಿ ಮೇಲಕ್ಕೆ ಅಲೆ ಕಳಿಸುತ್ತದೆ. ಅದೇ ಎತ್ತರ 28ರಲ್ಲಿ ಪೂರ್ತಿ ಒಂದು ಅಲೆಯುದ್ದವಾಗುವುದರಿಂದ ಕೋನ 15ರ ಹತ್ತಿರಕ್ಕೆ ಇಳಿಯುತ್ತದೆ. ಕೋನ ತಗ್ಗಿದಷ್ಟೂ ರೇಡಿಯೊ ಅಲೆಗಳನ್ನು ಬಾಗಿಸಿ ನೆಲಕ್ಕೆ ಮರಳಿಸುವ ಮೇಲಿನ ಪದರ ಅಯಾನುಗೋಳಕ್ಕೆ ಬಡಿದು ಹಾರುವ ನೆಗೆತ ಉದ್ದ.

ಇನ್ನು ದಿಕ್ಕು. ಗೋಡೆಯ ನಕಾಶೆ ನೋಡಿ ಅಮೆರಿಕ ಪಶ್ಚಿಮಕ್ಕಿದೆ ಎಂದುಕೊಂಡರೆ ಕೆಟ್ಟೆವು. ಭೂಮಿ ಗುಂಡಗಿರುವುದರಿಂದ ಅಲೆ ಹಿಡಿಯುವ ಹತ್ತಿರದ ದಾರಿಯೇ ಬೇರೆ. ಉತ್ತರವನ್ನು ಸೊನ್ನೆಯಾಗಿಟ್ಟು ಪೂರ್ವದ ಕಡೆಯಿಂದ ಸುತ್ತ ಎಣಿಸಿದರೆ, ಬೆಂಗಳೂರಿನಿಂದ ನ್ಯೂಯಾರ್ಕ್ 335 ಡಿಗ್ರಿ, ಹೆಚ್ಚುಕಡಿಮೆ ಉತ್ತರ. ಲಾಸ್ ಏಂಜಲೀಸ್ ಉತ್ತರದಿಂದ ಪೂರ್ವಕ್ಕೆ 17 ಡಿಗ್ರಿ! ಲಂಡನ್ 320, ಟೋಕಿಯೊ 56. ಹ್ಯಾಮ್‌ಗಳು ಕಿಕ್ಕಿರಿದ ನಾಡುಗಳೆಲ್ಲ ಉತ್ತರದ ಎರಡೂ ಬದಿ ಸೇರಿ ನೂರು ಡಿಗ್ರಿಯ ಹರವಿನೊಳಗೆ ಕೂತಿವೆ. ದಿನದ ಬಹುಪಾಲು ನನ್ನ ಕೊಡೆ ಉತ್ತರಕ್ಕೇ ಮುಖ ಮಾಡಿರುತ್ತದೆ. ಸಿಡ್ನಿಯವರು ಸಿಕ್ಕಾಗ ಮಾತ್ರ ಆಗ್ನೇಯಕ್ಕೆ ಹೊರಳಬೇಕು. ಟೋಕಿಯೊದವರು ಮಾತಾಡುತ್ತಿರುವಾಗ ಬೀಮಿನ ಬೆನ್ನು ಅತ್ತ ತಿರುಗಿಸಿದರೆ ಎಸ್-ಮೀಟರಿನ ಮುಳ್ಳು 9ರಿಂದ 6ಕ್ಕೆ ಜಾರುತ್ತದೆ. ಮೊದಲ ಸಲ ನೋಡಿದಾಗ ಮಗುವಿನಂತೆ ನಾಲ್ಕು ಸಲ ಅತ್ತಿತ್ತ ತಿರುಗಿಸಿದ್ದೆ.

ಹೆಚ್ಚಾಗಿ ಉತ್ತರಕ್ಕೇ ಇರುವುದರಿಂದ, ಆಂಟೆನಾ ತಿರುಗಿಸುವ ಮೋಟಾರಿನ ರೋಟೇಟರ್ ಆಮೇಲಾದೀತೆಂದು ಬಿಟ್ಟು, ಕೈಯಲ್ಲೇ ತಿರುಗಿಸಲು ಕಂಬಕ್ಕೆ ಹಗ್ಗ ಕಟ್ಟಿಕೊಂಡೆ. ಉಳಿದ ದುಡ್ಡು ಕೇಬಲ್ಲಿಗೆ ಹೋಯಿತು. ತೆಳ್ಳಗಿನ ಆರ್‌ಜಿ-58 ಕೇಬಲ್ 30 ಮೀಟರ್ ಎಳೆದರೆ, 28 ಮೆಗಾಹರ್ಟ್ಸ್‌ನಲ್ಲಿ ಕೆಳಗಿಂದ ಬಿಟ್ಟ 100 ವ್ಯಾಟಿನಲ್ಲಿ ಮೇಲೆ ತಲುಪುವುದು 60ರ ಆಸುಪಾಸು. ದಪ್ಪನೆಯ ಆರ್‌ಜಿ-213 ಹಾಕಿದರೆ 75 ದಾಟುತ್ತದೆ.