ನೈತಿಕ ರೋಬೋಟ್ ನೋಟ್ಸ್: ರೂಲ್ ಸರಿ ಇದ್ರೂ ಇಬ್ಬರೂ ಗುಂಡಿಗೆ ಬಿದ್ದಿದ್ಯಾಕೆ?

ರೋಬೋಟ್‌ಗೆ ಸರಿ-ತಪ್ಪು ಹೇಳಿಕೊಡೋಕೆ ಮೂರು ದಾರಿ: ಟಾಪ್-ಡೌನ್ ಅಂದ್ರೆ ನಿಯಮ ಮೊದಲೇ ಬರೆದಿಡೋದು, ಬಾಟಮ್-ಅಪ್ ಅಂದ್ರೆ ಉದಾಹರಣೆ ತೋರಿಸಿ ಕಲಿಸೋದು, ಬೆರೆಸಿದ್ರೆ ಹೈಬ್ರಿಡ್. ಅಷ್ಟೇ. ಇಂಥ ನೈತಿಕ ಮೆಷಿನ್‌ಗಳನ್ನ ತತ್ವಶಾಸ್ತ್ರಜ್ಞ ಜೇಮ್ಸ್ ಮೂರ್ 2006ರಲ್ಲಿ ನಾಲ್ಕು ಥರ ಅಂತ ವಿಂಗಡಿಸಿದ್ದಾರೆ, ನಮಗೆ ಇಲ್ಲಿ ಎರಡು ಸಾಕು. ಎಟಿಎಂ ಲೆಕ್ಕ ತಪ್ಪದೆ ದುಡ್ಡು ಕೊಡುತ್ತಲ್ಲ, ಒಳ್ಳೇತನ ಅದರ ಡಿಸೈನ್‌ನಲ್ಲೇ ಇದೆ, ಅದು ಇಂಪ್ಲಿಸಿಟ್. ಯಾವುದು ಸರಿ ಅಂತ ಮೆಷಿನ್ನೇ ಲೆಕ್ಕ ಹಾಕಿದ್ರೆ ಎಕ್ಸ್‌ಪ್ಲಿಸಿಟ್.

ಈಗ ನನ್ನ ತಲೆ ತಿಂದ ಭಾಗ. 2014ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ರೋಬೋಟ್ ಸಂಶೋಧಕ ಅಲನ್ ವಿನ್‌ಫೀಲ್ಡ್ ತಂಡ ಪುಟಾಣಿ ಇ-ಪಕ್ ರೋಬೋಟ್‌ಗಳ ಮೇಲೆ ಒಂದು ಪ್ರಯೋಗ ಮಾಡಿತು. ನೆಲದ ಮೇಲೊಂದು ಗುಂಡಿ (ನಿಜವಾದ್ದಲ್ಲ, ಇದೆ ಅಂತ ಅಂದ್ಕೊಳ್ಳೋದು), ಅದರ ಕಡೆ ಹೋಗ್ತಿರೋ ಇನ್ನೊಂದು ರೋಬೋಟೇ "ಮನುಷ್ಯ". ನಮ್ಮ ರೋಬೋಟ್ ಅಡ್ಡ ಹೋಗಿ ಅವನು ಗುಂಡಿಗೆ ಬೀಳದ ಹಾಗೆ ತಡೀಬೇಕು. ಒಬ್ಬನೇ ಇದ್ದಾಗ ಸಲೀಸಾಗಿ ಉಳಿಸ್ತು. ಇಬ್ಬರನ್ನ ಬಿಟ್ಟಾಗ 33 ಸಲದಲ್ಲಿ 14 ಸಲ ಒಬ್ಬನೂ ಉಳೀಲಿಲ್ಲ. ಕನಿಷ್ಠ ಒಬ್ಬನನ್ನಾದ್ರೂ ಉಳಿಸಬಹುದಿತ್ತಲ್ವಾ?

ನಿಧಾನಕ್ಕೆ ನೋಡಿ. ರೋಬೋಟ್ ಒಳಗೆ ಒಂದು ಸಿಮ್ಯುಲೇಟರ್ ಇದೆ, "ನಾನು ಎಡಕ್ಕೆ ಹೋದ್ರೆ ಏನಾಗುತ್ತೆ, ಬಲಕ್ಕೆ ಹೋದ್ರೆ ಏನಾಗುತ್ತೆ, ಸುಮ್ನೆ ನಿಂತ್ರೆ?" ಅಂತ ಒಂದೊಂದನ್ನೂ ಓಡಿಸಿ ನೋಡಿ, ಯಾವುದ್ರಲ್ಲಿ ಕಡಿಮೆ ಅನಾಹುತವೋ ಅದನ್ನ ಆರಿಸುತ್ತೆ, ಸ್ವಲ್ಪ ಚಲಿಸುತ್ತೆ, ಆಮೇಲೆ ಮತ್ತೆ ಮೊದಲಿಂದ ಲೆಕ್ಕ. ಈ "ಮೊದಲಿಂದ" ಅನ್ನೋದನ್ನ ಅಂಡರ್‌ಲೈನ್ ಮಾಡ್ಕೊಳ್ಳಿ. ಒಂದು ಕ್ಷಣದ ಹಿಂದೆ ಎಡಗಡೆಯವನನ್ನ ಉಳಿಸೋಕೆ ಹೊರಟಿದ್ದೆ ಅನ್ನೋದು ಹೊಸ ಲೆಕ್ಕಕ್ಕೆ ಬರೋದೇ ಇಲ್ಲ. ಎಡಕ್ಕೆ ನಾಲ್ಕು ಹೆಜ್ಜೆ ಇಡೋಷ್ಟರಲ್ಲಿ ಬಲಗಡೆಯವನ ಅಪಾಯ ಒಂಚೂರು ಜಾಸ್ತಿ ಕಾಣುತ್ತೆ, ತಿರುಗುತ್ತೆ, ಅಷ್ಟರಲ್ಲಿ ಎಡಗಡೆಯವನು ಅಂಚಿಗೆ ಹತ್ತಿರ, ಮತ್ತೆ ತಿರುಗುತ್ತೆ. ಪ್ರತಿ ನಿರ್ಧಾರವೂ ಆ ಕ್ಷಣಕ್ಕೆ ಸರಿಯೇ! ಮೌಲ್ಯ ಕೆಟ್ಟಿಲ್ಲ, ಲೆಕ್ಕ ತಪ್ಪಿಲ್ಲ, ಟೈಮ್ ಮುಗೀತು ಅಷ್ಟೇ.

ಇದಕ್ಕೆ ನನಗೆ ಹೊಳೆದ ಶಾರ್ಟ್‌ಕಟ್: ಮನಸ್ಸು ಬದಲಾಯಿಸೋದಕ್ಕೂ ಒಂದು ದಂಡ ಹಾಕೋದು, ಫ್ರಿಜ್‌ನ ಥರ್ಮೋಸ್ಟಾಟ್ ಅರ್ಧ ಡಿಗ್ರಿ ಏರುಪೇರಿಗೆಲ್ಲ ಆನ್-ಆಫ್ ಆಗದೇ ಇರೋ ಥರ. ಆದ್ರೆ ದಂಡ ಎಷ್ಟು? ಕಡಿಮೆ ಇದ್ರೆ ಹಳೇ ಕಥೆಯೇ, ಜಾಸ್ತಿ ಆದ್ರೆ ಮೊದಲನೆಯವನು ಬಚಾವಾಗೋ ಚಾನ್ಸೇ ಇಲ್ಲ ಅಂತ ಗೊತ್ತಾದ್ಮೇಲೂ ಅವನ ಹಿಂದೇನೇ ಓಡುತ್ತೆ. ಈ ನಂಬರ್ ಇಂಜಿನಿಯರಿಂಗ್ ಟ್ಯೂನಿಂಗ್ ಥರ ಕಾಣುತ್ತೆ, ಆದ್ರೆ ಯಾರ ಕೈ ಬಿಡೋದು ಅಂತ ತೀರ್ಮಾನ ಮಾಡೋದು ಅದೇ.

ಕಂಪ್ಯೂಟರ್ ವಿಜ್ಞಾನಿ ಮೈಕಲ್, ತತ್ವಶಾಸ್ತ್ರಜ್ಞೆ ಸೂಸನ್ ಆಂಡರ್ಸನ್ ದಂಪತಿಯ ಕೆಲಸ ಹೈಬ್ರಿಡ್‌ಗೆ ಒಳ್ಳೇ ಉದಾಹರಣೆ. ನಾವೋ (Nao) ಅನ್ನೋ ಮನುಷ್ಯಾಕಾರದ ಪುಟ್ಟ ರೋಬೋಟ್ ರೋಗಿಗೆ ಮಾತ್ರೆ ನೆನಪಿಸುತ್ತೆ, ಬೇಡ ಅಂದ್ರೆ ಅವರ ಇಷ್ಟವನ್ನೂ ಆಗಬಹುದಾದ ಹಾನಿಯನ್ನೂ ತೂಗಿ ನೋಡಿ, ಹಾನಿ ಜಾಸ್ತಿ ಆಗೋ ಹಾಗಿದ್ರೆ ಡಾಕ್ಟರಿಗೆ ತಿಳಿಸುತ್ತೆ. ಕರ್ತವ್ಯಗಳ ಪಟ್ಟಿ ಮೊದಲೇ ಕೊಟ್ಟಿದ್ದು, ಯಾವುದಕ್ಕೆ ಎಷ್ಟು ತೂಕ ಅನ್ನೋದು ನೀತಿಶಾಸ್ತ್ರ ಬಲ್ಲವರು ತೀರ್ಪು ಕೊಟ್ಟ ಕೇಸ್‌ಗಳಿಂದ ಕಲಿತಿದ್ದು. ಇಲ್ಲಿ ಎಡ-ಬಲ ಒದ್ದಾಟದ ಭಯ ಕಡಿಮೆ ಅಂತ ನನಗನ್ಸುತ್ತೆ, ಯಾಕಂದ್ರೆ ಒಂದು ಮಾತ್ರೆ ತಪ್ಪಿದ್ರೆ ಆಗೋ ಹಾನಿ ಸಾಮಾನ್ಯವಾಗಿ ಗಂಟೆಗಳ ಲೆಕ್ಕದಲ್ಲಿ ಏರುತ್ತೆ, ಗುಂಡಿ ಅಷ್ಟೊತ್ತು ಕಾಯಲ್ಲ.